ಜಾರುಬಂಡೆಯ ಬುಡದಲ್ಲಿ ಲುವಾನ್ ಅಕ್ಕ

ಉತ್ತರದ ಚಳಿಯೂರು ಹಾರ್ಬಿನ್‌ನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸೊಂಗ್‌ಹ್ವಾ ನದಿ ಹೆಪ್ಪುಗಟ್ಟಿ ಕಲ್ಲಾಗಿ ಮಲಗಿದೆ. ದಡದಿಂದ ನದಿಗೆ ಇಳಿಯುವ ಮಂಜುಗಡ್ಡೆಯ ಜಾರುಬಂಡೆಯ ಬುಡದಲ್ಲಿ ಒಬ್ಬ ಹೆಂಗಸು ರಾತ್ರಿ ಬಿದ್ದ ಹಿಮ ಗುಡಿಸುತ್ತಿದ್ದಾರೆ. ಅಷ್ಟರಲ್ಲಿ ಮೊದಲ ಗಿರಾಕಿ ಮೇಲಿನಿಂದ ಕಿರುಚುತ್ತ ಬಂದೇಬಿಡುತ್ತಾನೆ. ಆಕೆ ಪೊರಕೆ ಎಸೆದು ಪಕ್ಕಕ್ಕೆ ಸರಿದು, ಅವನು ಕೂತ ರಬ್ಬರ್ ಟ್ಯೂಬಿನ ಹಗ್ಗ ಹಿಡಿದು ಅರ್ಧ ಸುತ್ತು ತಿರುಗಿಸಿ ನಿಲ್ಲಿಸುತ್ತಾರೆ. ಅವನು ಎದ್ದು ಗೆಳೆಯರಿಗೆ ಕೈಬೀಸಿ ಹೊರಟುಹೋಗುತ್ತಾನೆ. ಹಿಡಿದವರ ಮುಖ ನೋಡುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ.

"ಎದೆ ಕೊಟ್ಟು ತಡೆಯೋಕೆ ಹೋದ್ರೆ ಇಬ್ರೂ ಆಸ್ಪತ್ರೆಗೇ" ಎಂದು ನನಗೆ ಹೇಳುತ್ತಾರೆ ಲುವಾನ್ ಫೆಂಗ್‌ಚಿನ್. "ಬರೋರನ್ನ ತಡೀಬಾರ್ದು ತಂಗಿ, ತಿರುಗಿಸ್ಬೇಕು."

ಲುವಾನ್ ಅಕ್ಕನಿಗೆ ಐವತ್ತು ದಾಟಿದೆ. ದುಡಿಯುತ್ತಿದ್ದ ನಾರುಬಟ್ಟೆಯ ಗಿರಣಿ ಮುಚ್ಚಿತು. ಬೇಸಿಗೆಯಲ್ಲಿ ಇದೇ ದಡದಲ್ಲಿ ಜೋಳದ ತೆನೆ ಬೇಯಿಸಿ ಮಾರುತ್ತಾರೆ, ಚಳಿಗಾಲದಲ್ಲಿ ಜನರನ್ನು ಹಿಡಿಯುತ್ತಾರೆ. ದಿನಕ್ಕೆ ನೂರಾರು ಜನ. ಸಂಜೆಗೆ ಬಲಗೈ ಭುಜದಿಂದ ಮೇಲೇಳುವುದಿಲ್ಲ, ಎಡಗೈಯಲ್ಲೇ ಊಟ.

ಗಂಡನ ಕೆಲಸಕ್ಕೆಂದು ಬಿಸಿಲ ದೇಶದಿಂದ ಈ ಊರಿಗೆ ಬಂದ ನಮಗೆ ಅವರ ಪರಿಚಯವಾದದ್ದು ಮೊದಲ ಚಳಿಗಾಲದಲ್ಲಿ, ಮಾನ ಹೋಗುವ ರೀತಿಯಲ್ಲಿ. ಮಂಜಿನ ಅರಮನೆ ನೋಡಲು ಹೊರಟ ಭಾನುವಾರ ನಮ್ಮ ಮಗಳು ಇಂಚರ ಜಾರುಬಂಡೆಯ ಕಬ್ಬಿಣದ ಕಂಬಿಯನ್ನು ನೆಕ್ಕಿದಳು. ನಾಲಿಗೆ ಅಂಟಿಕೊಂಡಿತು. ನಾನು ಎಳೆಯಲು ಹೋದೆ, ಪುಣ್ಯಕ್ಕೆ ಲುವಾನ್ ಅಕ್ಕ ನನ್ನ ಕೈ ತಳ್ಳಿ, ಫ್ಲಾಸ್ಕಿನ ಉಗುರುಬೆಚ್ಚಗಿನ ಚಹಾವನ್ನು ಮೆಲ್ಲಗೆ ಸುರಿದರು. ನಾಲಿಗೆ ಬಿಟ್ಟಿತು.

"ಅಳ್ಬೇಡ ಕಣೇ. ಇಲ್ಲಿ ಹುಟ್ಟಿದೋರೆಲ್ಲ ಒಂದ್ಸಲ ಇದನ್ನ ನೆಕ್ಕಿದೋರೇ. ಇವತ್ತಿಂದ ನೀನೂ ಈ ಊರೋಳೇ" ಎಂದು ನಕ್ಕು, ನನ್ನತ್ತ ತಿರುಗಿದರು. "ನೀವು ಯಾವ ಸೀಮೆ ಆಲೂಗಡ್ಡೆನಮ್ಮ?" ದಕ್ಷಿಣದಿಂದ ಬರುವ ಪ್ರವಾಸಿಗರನ್ನು ಇಲ್ಲಿನವರು ಪುಟ್ಟ ಆಲೂಗಡ್ಡೆ ಎಂದೇ ಚುಡಾಯಿಸುವುದು. ನಮ್ಮ ಊರು ಎಲ್ಲಿದೆಯೆಂದು ಹೇಳಿದಾಗ, "ಅಯ್ಯೋ, ಅಷ್ಟು ಕೆಳಗಾ?" ಎಂದು ಹಣೆ ಚಚ್ಚಿಕೊಂಡರು. ಆಮೇಲೆ ಹುಳಿ ಬರಿಸಿದ ಎಲೆಕೋಸು ನಮ್ಮ ಮನೆಗೆ, ನಮ್ಮ ಚಿತ್ರಾನ್ನ ಅವರ ಮನೆಗೆ. "ಅನ್ನಕ್ಕೆ ಅರಿಶಿನ ಹಾಕ್ತೀರಲ್ಲ, ಕಾಮಾಲೆ ಬಂದಂಗಿದೆ" ಎನ್ನುತ್ತಲೇ ಡಬ್ಬಿ ಖಾಲಿ ಮಾಡುತ್ತಾರೆ.

ಇಷ್ಟು ನಗುವ ಹೆಂಗಸಿಗೆ ಇರುವುದು ಒಂದೇ ಕೊರಗು. ಮಗಳು ಜ್ಯಾಹುಯಿ ಮದುವೆಯಾಗಿ ದಕ್ಷಿಣದ ಕಡಲೂರು ಸಾನ್ಯಾದಲ್ಲಿದ್ದಾಳೆ. ಅವಳ ಮಗಳು ಮಿಲಿ ಇನ್ನೂ ಹಿಮ ಮುಟ್ಟಿಲ್ಲ, ಅಜ್ಜಿಯ ಮನೆ ಕಂಡಿಲ್ಲ. ಹೊಸ ವರ್ಷದ ಹಬ್ಬದ ರಜೆ ಬಂದಾಗಲೆಲ್ಲ ಮಗಳದು ಒಂದೇ ಮಾತು: ಆ ಚಳಿಯನ್ನು ಮಗು ತಡೆಯದು. ಹಬ್ಬದಲ್ಲೇ ಜಾರುಬಂಡೆಗೆ ಜನ ಮುಗಿಬೀಳುವುದರಿಂದ ಲುವಾನ್ ಅಕ್ಕನಿಗೆ ಅಲ್ಲಿಗೆ ಹೋಗಲು ರಜೆಯಿಲ್ಲ.

ಮೊನ್ನೆ ಅವರೇ ನನ್ನನ್ನು ಕರೆದರು. "ತಂಗಿ, ನಿನ್ ಮಗಳು ಜಾರೋದನ್ನ ಒಂದ್ಸಲ ವಿಡಿಯೋ ಮಾಡು. ನನ್ ಮಗಳಿಗೆ ಕಳಿಸ್ತೀನಿ. ಬಿಸಿಲ ದೇಶದ ಮಗುವಿನ ಮೂಗೇ ಉದುರಿಲ್ಲ, ಮಿಲಿದು ಹೆಂಗೆ ಉದುರತ್ತೆ ಅಂತ ಕೇಳ್ತೀನಿ."

ಇಂಚರ ಜಾರಿದಳು. ಲುವಾನ್ ಅಕ್ಕ ಹಿಡಿದರು. ವಿಡಿಯೋ ಹೋಯಿತು. ಎರಡು ದಿನ ಉತ್ತರವೇ ಇಲ್ಲ. "ಬೈಕೊಂಡಿರ್ತಾಳೆ ಬಿಡು" ಎಂದರೂ ಸ್ವೆಟರಿನೊಳಗಿಟ್ಟ ಫೋನನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು.

ಇವತ್ತು, ಮೊದಲ ಗಿರಾಕಿ ಹೋದ ಮೇಲೆ, ಎದೆಯ ಹತ್ತಿರ ಫೋನು ಗುಂಯ್ಗುಡುತ್ತದೆ. ಹೊರಗೆ ತೆಗೆದದ್ದೇ ತಡ, ಚಳಿಗೆ ಸತ್ತುಹೋಗುತ್ತದೆ. ಲುವಾನ್ ಅಕ್ಕ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಾರೆ. ಮತ್ತೆ ಜೀವ ಬಂದಾಗ, ಬಂದಿದ್ದ ಧ್ವನಿಸಂದೇಶದಲ್ಲಿ ಮೊದಲು ಮಗಳ ದನಿ: "ಅಮ್ಮಾ, ಟಿಕೆಟ್ ಆಯ್ತು. ಇವಳು ಎರಡು ದಿನದಿಂದ ಆ ವಿಡಿಯೋನೇ ನೋಡ್ತಾ ನನ್ ಪ್ರಾಣ ತಿಂದ್ಲು." ಹಿಂದೆಯೇ ಪುಟ್ಟ ದನಿ: "ಅಜ್ಜೀ, ಆ ಅಕ್ಕನ್ನ ಹಿಡಿದಂಗೆ ನನ್ನೂ ಹಿಡೀತೀಯಾ?"

ಮೇಲಿನಿಂದ ಇನ್ನೊಬ್ಬರು ಕಿರುಚುತ್ತ ಬರುತ್ತಿದ್ದಾರೆ. ಲುವಾನ್ ಅಕ್ಕ ಕಣ್ಣು ಒರೆಸಿಕೊಂಡು, ಫೋನನ್ನು ತುಟಿಗೆ ತಂದು ಹೇಳುತ್ತಾರೆ: "ಊರೋರ ಮಕ್ಕಳನ್ನೆಲ್ಲ ಹಿಡಿದಿದೀನಿ ಕಣೇ. ನಿನ್ನ ಬಿಡ್ತೀನಾ?"