ಒಂದು ಸೂಜಿ ಉಳಿಸಿದ್ದು

ನನ್ನ ಹೆಂಡತಿಯ ಕೈಯಲ್ಲಿ ನರ ಸಿಗುವುದು ಕಷ್ಟ. ನಾಲ್ಕು ವಾರಕ್ಕೊಮ್ಮೆ ಎರ್ನಾಕುಲದ ಕಲೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಅವಳ ಮೊಣಕೈ ತಟ್ಟಿ, ಬಿಸಿನೀರಿನ ಚೀಲ ಇಟ್ಟು, ಎರಡು ಮೂರು ಕಡೆ ಚುಚ್ಚಿ ಸೋತ ಮೇಲೆ ಎಲ್ಲೋ ಒಂದು ನರ ಒಪ್ಪಿಕೊಳ್ಳುತ್ತದೆ. ಹೀಗಾಗಿ ಏಳು ವರ್ಷಗಳಲ್ಲಿ ನಮ್ಮದೇ ಒಂದು ಪದ್ಧತಿ ಬೆಳೆದಿತ್ತು. ಹಾಕಿದ ಸೂಜಿ ತೆಗೆಯುವುದರೊಳಗೆ ಆಗಬೇಕಾದ ಕೆಲಸವನ್ನೆಲ್ಲ ಮುಗಿಸಿಕೊಳ್ಳುವುದು.

ಅವಳ ದೇಹ ರೋಗ ತಡೆಯುವ ಪ್ರತಿಕಾಯಗಳನ್ನು ಸಾಕಷ್ಟು ತಯಾರಿಸುವುದಿಲ್ಲ. ವಂಶವಾಹಿಯಲ್ಲೇ ಬಂದ ಕೊರತೆ. ತಿಳಿದದ್ದು ಮಾತ್ರ ನಲವತ್ತರ ಹತ್ತಿರ, ನಾಲ್ಕನೆಯ ಸಲ ನ್ಯುಮೋನಿಯಾ ಆದಾಗ. ಸಾವಿರಾರು ಅಪರಿಚಿತರು ಕೊಟ್ಟ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು ಡ್ರಿಪ್ ಹಾಕಿ ಅವಳಿಗೆ ಕೊಡುತ್ತಾರೆ. ಅವಳು ಕಾಸರಗೋಡಿನವಳು, ವಕೀಲೆ. “ನನ್ನ ಒಳಗೆ ಒಂದು ತಾಲೂಕಿನಷ್ಟು ಜನ ಉಂಟು ಮಾರಾಯ್ರೆ, ಓಟಿಗೆ ನಿಂತರೆ ಗೆಲ್ಲಬಹುದು” ಎನ್ನುತ್ತಾಳೆ. ನಾನು ಮೈಸೂರಿನವನು, ಕೇಂದ್ರ ಸರ್ಕಾರದ ಪ್ರಯೋಗಾಲಯದಲ್ಲಿ ಕೆಲಸ. ಅಷ್ಟು ಸುಲಭಕ್ಕೆ ನಗುವವನಲ್ಲ.

ನನ್ನ ಕೆಲಸದ ಮುಖ್ಯ ಭಾಗ ಮಟ್ಟಾಂಚೇರಿಯ ಗೋದಾಮುಗಳಲ್ಲಿ. ಕಾಳುಮೆಣಸಿನ ಚೀಲಕ್ಕೆ ಉಕ್ಕಿನ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುವುದು, ತಂದು ಪರೀಕ್ಷಿಸುವುದು. ಬೇರೆ ಸರಕು ಬೆರೆತದ್ದು ಕಂಡರೆ ಆ ಚೀಲದ ಸ್ಯಾಂಪಲನ್ನು ಪರೀಕ್ಷೆಗೆ ಒಯ್ಯುವುದೂ ಇಲ್ಲ. ಎಷ್ಟೇ ಬೇಡಿಕೊಂಡರೂ ವಾಪಸು. ವ್ಯಾಪಾರಿಗಳು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆಂದು ನನಗೆ ಗೊತ್ತಿದೆ, ಇಲ್ಲಿ ಬರೆಯುವಂಥದ್ದಲ್ಲ.

ಕಳೆದ ವರ್ಷ ಅವಳ ಲಿವರ್‌ನ ಪರೀಕ್ಷೆಗಳು ಎರಡು ಸಲ ಏರುಪೇರಾದವು. ಡ್ರಿಪ್ ಮುಗಿದ ಒಂದು ಮಧ್ಯಾಹ್ನ ಡಾಕ್ಟರು ಬಂದು, ದೇಹವೇ ಲಿವರ್‌ನ ಮೇಲೆ ತಿರುಗಿಬಿದ್ದಿದೆಯೇ ಎಂದು ನೋಡಲು ಇನ್ನೊಂದು ರಕ್ತಪರೀಕ್ಷೆ ಬರೆದುಕೊಟ್ಟು ಹೋದರು. ಅಂಥ ಕಾಯಿಲೆಯಲ್ಲಿ ರಕ್ತದಲ್ಲಿ ಕೆಲವು ಬಗೆಯ ಪ್ರತಿಕಾಯಗಳು ಕಾಣಿಸುತ್ತವಂತೆ. ಅವೇ ಅದರ ಗುರುತು. ಹೊರಗಿನ ರೋಗಾಣುವನ್ನು ತಡೆಯಲಾರದ ದೇಹ ತನ್ನದೇ ಅಂಗಕ್ಕೆ ಕೈ ಹಾಕುವುದು ಅಪರೂಪವಲ್ಲ ಎಂದು ಅಂದೇ ನನಗೆ ತಿಳಿದದ್ದು. ಮನೆಗೆ ಮಾರಿ, ಊರಿಗೆ ಉಪಕಾರಿ.

ನರ್ಸ್ ಸೂಜಿ ತೆಗೆಯಲು ಬಂದಳು. ನಾನು ತಡೆದೆ. ಇದರಿಂದಲೇ ರಕ್ತ ತೆಗೆದುಬಿಡಿ ಎಂದೆ.

“ನಾಳೆ ಬಂದರೆ ಸಾಲದೇ, ಸಾರೇ?” ಎಂದು ಅವಳು ಮಲಯಾಳದಲ್ಲಿ ಕೇಳಿದಳು.

“ನಾಳೆ ಮತ್ತೆ ಮೂರು ಕಡೆ ಚುಚ್ಚಬೇಕಲ್ಲಮ್ಮ” ಎಂದೆ.

ಒಂದು ಸೂಜಿ ಉಳಿಸಿದೆನೆಂಬ ಖುಷಿಯಲ್ಲಿ ತ್ರಿಪ್ಪುಣಿತ್ತುರದ ಮನೆಗೆ ಮೆಟ್ರೋದಲ್ಲಿ ಬಂದೆವು. ವಾರದ ನಂತರ ವರದಿ ಬಂತು. ಗುರುತು ಇತ್ತು. ಕಾಯಿಲೆ ನಿಜವಾದರೆ ಸ್ಟೀರಾಯ್ಡ್ ಮಾತ್ರೆ ಶುರುಮಾಡಬೇಕು ಎಂದರು ಡಾಕ್ಟರು. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆ. ಅವಳಲ್ಲಿ ಇರುವುದೇ ಅಷ್ಟಿಷ್ಟು, ಅದನ್ನೂ ಕುಗ್ಗಿಸುವುದು. ಇನ್ನೊಂದು ನ್ಯುಮೋನಿಯಾ ಬಂದರೆ ಅವಳು ಉಳಿಯುವಳೇ ಎಂದು ನಾನು ಯಾರನ್ನೂ ಕೇಳಲಿಲ್ಲ. ಶುರುಮಾಡುವ ಮೊದಲು ತಿರುವನಂತಪುರದಲ್ಲಿ ಲಿವರ್ ತಜ್ಞೆಯೊಬ್ಬರನ್ನು ನೋಡಿ ಬನ್ನಿ ಎಂದು ಚೀಟಿ ಕೊಟ್ಟರು.

ಆ ತಜ್ಞೆ ಸಣ್ಣ ದನಿಯ ಹೆಂಗಸು. ವರದಿಯನ್ನು ಓದಿ, ತಲೆಯೆತ್ತದೆ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ರಕ್ತ ತೆಗೆದದ್ದು ಯಾವಾಗ, ಡ್ರಿಪ್‌ಗೆ ಮೊದಲೋ ಆಮೇಲೋ?

ನನಗೆ ತಕ್ಷಣ ಅರ್ಥವಾಯಿತು. ಸಾವಿರಾರು ಜನರ ಪ್ರತಿಕಾಯಗಳನ್ನು ಅವಳೊಳಗೆ ಸುರಿದು, ಹತ್ತು ನಿಮಿಷದ ನಂತರ ಅದೇ ನರದಿಂದ ರಕ್ತ ತೆಗೆಸಿ, ಇದು ಅವಳದು ಎಂದು ಪರೀಕ್ಷೆಗೆ ಕಳುಹಿಸಿದ್ದೆ. ಮೂವತ್ತು ವರ್ಷ ಬೆರಕೆ ಚೀಲಗಳನ್ನು ತಿರಸ್ಕರಿಸಿದವನು. 

“ಆಮೇಲೆ. ನಾನೇ ಹೇಳಿ ತೆಗೆಸಿದೆ” ಎಂದೆ.

ಹೆಂಡತಿ ನನ್ನತ್ತ ತಿರುಗಿದಳು. “ಹಾಗಾದ್ರೆ ಬೇರೆಯವರ ಸಾಕ್ಷಿ ಕೇಳಿ ನನಗೆ ಶಿಕ್ಷೆ ಕೊಡ್ಲಿಕ್ಕೆ ಹೊರಟದ್ದಾ?”

ಮುಂದಿನ ಡ್ರಿಪ್‌ಗೆ ಮುಂಚೆ, ಹಿಂದಿನದು ಆದಷ್ಟು ಇಳಿದಿರುವಾಗ, ಮತ್ತೆ ರಕ್ತ ತೆಗೆಸಬೇಕೆಂದಾಯಿತು. ತೆಗೆಸಿದೆವು, ನಾಲ್ಕು ಕಡೆ ಚುಚ್ಚಿಸಿಕೊಂಡು. ಈ ಸಲ ಗುರುತು ಇರಲಿಲ್ಲ. ನಾನು ಹಲ್ವ ತಂದೆ. ಅವಳ ತಂಗಿಗೆ ಫೋನ್ ಮಾಡಿ, ಏನೂ ಇಲ್ಲವಂತೆ, ಎಲ್ಲ ನನ್ನ ಎಡವಟ್ಟು ಎಂದು ಹೆಮ್ಮೆಯಿಂದ ಹೇಳಿಕೊಂಡೆ. ತಪ್ಪು ಮಾಡಿ ಅಷ್ಟು ಸಂತೋಷಪಟ್ಟದ್ದು ನೆನಪಿಲ್ಲ.

ತಿರುವನಂತಪುರದ ತಜ್ಞೆ ಫೋನಿನಲ್ಲಿ ವರದಿ ಕೇಳಿಸಿಕೊಂಡು ಹೇಳಿದರು: ಇದನ್ನೂ ನಂಬುವಂತಿಲ್ಲ. ಪ್ರತಿಕಾಯಗಳನ್ನೇ ಸರಿಯಾಗಿ ತಯಾರಿಸದ ದೇಹ ಈ ಪ್ರತಿಕಾಯವನ್ನು ಮಾತ್ರ ಎಲ್ಲಿಂದ ತಯಾರಿಸೀತು? ಗುರುತು ಇಲ್ಲದೆಯೂ ಕಾಯಿಲೆ ಇರಬಹುದು. ಲಿವರ್‌ನ ಒಂದು ಎಳೆ ತೆಗೆದು ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

ನನಗೆ ಸಿಟ್ಟು ಬಂತು. ಇದ್ದರೂ ನಂಬಬೇಡಿ, ಇಲ್ಲದಿದ್ದರೂ ನಂಬಬೇಡಿ ಎಂದರೆ ಪರೀಕ್ಷೆ ಯಾಕೆ? ಊಟದ ಹೊತ್ತಿಗೆ ಇದನ್ನೇ ಎರಡು ಸಲ ಹೇಳಿದೆ. ಬಯಾಪ್ಸಿ ಸದ್ಯಕ್ಕೆ ಬೇಡ, ಇನ್ನೊಂದು ತಿಂಗಳು ನೋಡೋಣ ಎಂದೂ ಹೇಳಿದೆ.

ಅವಳು ಮೊಸರು ಬಡಿಸಿಕೊಳ್ಳುತ್ತಿದ್ದಳು. “ನಿಮಗೆ ಬೇಕಾದ ಉತ್ತರ ಬಂತು ಅಂತ ಕೇಸು ಮುಚ್ಚುದಾ? ಲಿವರ್ ನನ್ನದು. ನಾನು ಹೋಗ್ತೇನೆ, ನೀವು ಬರುದಾದ್ರೆ ಬನ್ನಿ.”

ಹೋದೆವು. ಪಕ್ಕೆಲುಬಿನ ನಡುವೆ ಸೂಜಿ ಹಾಕಿ ತೆಗೆದದ್ದು ದಾರದಷ್ಟು ಸಪೂರದ ಒಂದು ತುಣುಕು. ಆಮೇಲೆ ಅವಳು ಬಲಮಗ್ಗುಲಿಗೆ ಕೆಲವು ಗಂಟೆ ಅಲುಗದೆ ಮಲಗಬೇಕಿತ್ತು. ನಾನು ಸ್ಟೂಲಿನ ಮೇಲೆ ಕೂತು ಪೇಪರು ಹಿಡಿದಿದ್ದೆ. ಎಷ್ಟು ಹೊತ್ತಾದರೂ ಒಂದೇ ಪುಟ.

ಫಲಿತಾಂಶ ಕೇಳಲು ಮತ್ತೆ ಹೋದಾಗ ತಜ್ಞೆ ಸುತ್ತಿಬಳಸಲಿಲ್ಲ. ಕಾಯಿಲೆ ಇದೆ, ದೇಹ ಲಿವರನ್ನು ತಿನ್ನುತ್ತಿದೆ. ಮಾತ್ರೆ ಶುರುಮಾಡಲೇಬೇಕು, ಸೋಂಕು ತಡೆಯುವ ಇನ್ನೊಂದು ಮಾತ್ರೆಯೂ ಜೊತೆಗೆ.

“ಅಂದರೆ ಮೊದಲನೆಯ ವರದಿಯೇ ಸರಿ ಇತ್ತು” ಎಂದೆ.

“ಇಲ್ಲ. ಅದು ತಪ್ಪೇ. ಕಾಯಿಲೆ ಮಾತ್ರ ನಿಜ” ಎಂದರು.

ವಾಪಸು ಎರ್ನಾಕುಲಕ್ಕೆ ಬರುವ ರೈಲಿನಲ್ಲಿ ಕಿಟಕಿಯ ಪಕ್ಕ ಅವಳು, ಈ ಕಡೆ ನಾನು. ಇಡ್ಲಿ ತಿಂದು ಮುಗಿಸಿ ಅವಳು ಮಾತ್ರೆಯ ಸ್ಟ್ರಿಪ್ ತೆಗೆದಳು. ಅಂಗೈಯಲ್ಲಿ ಪುಟ್ಟ ಬಿಳಿ ಮಾತ್ರೆಗಳು. ಒಂದೊಂದಾಗಿ ನೀರು ಕುಡಿದು ನುಂಗಿದಳು. ನಾನು ತಜ್ಞೆ ಬರೆದುಕೊಟ್ಟ ಚೀಟಿ ಹಿಡಿದು ಮಾತ್ರೆಯ ಪ್ರಮಾಣ, ಹೊತ್ತು, ಯಾವ ವಾರ ಎಷ್ಟು ಇಳಿಸಬೇಕು ಎಂದೆಲ್ಲ ಓದಿ ಹೇಳುತ್ತಿದ್ದೆ.

“ಅದೆಲ್ಲ ನನಗೆ ಗೊತ್ತುಂಟು. ನಿಮಗೆ ಎಂತ ಆಗ್ತಾ ಉಂಟು, ಅದು ಹೇಳಿ” ಎಂದಳು.

ಏನಿಲ್ಲ ಎನ್ನಲು ಬಾಯಿ ತೆರೆದವನು ಹೇಳಿದ್ದು ಬೇರೆ.

“ನೀನು ಸತ್ತುಹೋಗ್ತೀಯ ಅಂತ ಭಯ ಆಗಿದೆ ಕಣೆ. ಏಳು ವರ್ಷದಿಂದ.”

ಎದುರಿನ ಸೀಟಿನವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಅವರು ಮುಖ ಆಚೆ ತಿರುಗಿಸಿಕೊಂಡರು. ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿ, ನನ್ನ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು ಮಡಚಿ ತನ್ನ ಚೀಲದೊಳಗಿಟ್ಟಳು.

“ನನಗೂ” ಎಂದಳು. “ಇಷ್ಟು ವರ್ಷ ಒಬ್ಬಳೇ ಹೆದರಿದ್ದು ಮಾರಾಯ್ರೆ ನಾನು.”