ತಲೆಗೆ ಹಾಕುವ ಗವತಿ ಚಹಾ

ಸೀಗೆಕಾಯಿ ಹಚ್ಚಿ ತೊಳೆದ ಮೇಲೆ ಅವ್ವನ ಕೂದಲು ನಾರಿನಂತಾಗುತ್ತಿತ್ತು. ಆಗ ನಾನು ನಿಂಬೆ ವಾಸನೆಯ ಗವತಿ ಚಹಾದ ಹುಲ್ಲನ್ನು ಕುದಿಸಿ ಆರಿಸಿದ ನೀರು ಸುರಿಯುತ್ತಿದ್ದೆ. ಕೂದಲು ಮೆತ್ತಗಾಗುತ್ತಿತ್ತು. “ಮಂದಿ ಚಹಾ ತಾವು ಕುಡೀತಾರ, ನೀ ನನ್ನ ತಲಿಗೆ ಕುಡಸ್ತಿ,” ಎಂದು ಅವ್ವ ನಗುತ್ತಿದ್ದಳು.

ನನಗೆ ಹನ್ನೆರಡು ವರ್ಷವಿದ್ದಾಗ, ದಾಂಡೇಲಿಯ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಅವ್ವ ಜ್ವರದಿಂದ ಹಾಸಿಗೆ ಹಿಡಿದಳು. ಒಂದು ಮುಂಜಾನೆ ಅವ್ವನ ತಂಗಿ ಚಿಗವ್ವ ನನ್ನನ್ನು ಕರೆದು, “ಇವತ್ತ ನಿಮ್ಮವ್ವನ ತಲಿ ತೊಳಿಯೂದೈತಿ. ಸಾಂಬ್ರಾಣಿ ಊರಿಗೆ ಹೋಗಿ ನಿಮ್ಮ ಅತ್ತಿ ಹಿತ್ತಲದಾಗಿಂದ ಗವತಿ ಚಹಾ ಕೊಯ್ಕೊಂಡು ಬಾ,” ಎಂದಳು. ನಮ್ಮಲ್ಲಿ ಜ್ವರ ಪೂರ್ತಿ ಬಿಟ್ಟ ಮೇಲೆಯೇ ತಲೆಗೆ ನೀರು ಹಾಕುವುದು. ಅವ್ವ ಗುಣವಾದಳೆಂದು ತಿಳಿದು ನಾನು ಖುಷಿಯಿಂದ ಬಸ್ಸು ಹತ್ತಿದೆ.

ಮಧ್ಯಾಹ್ನ ಹುಲ್ಲಿನ ಕಟ್ಟು ಹಿಡಿದು ಬಂದಾಗ ತೀರಿಕೊಂಡಿದ್ದ ಅವ್ವನಿಗೆ ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದರು. ಆಸೆ ಬಿಡಿ ಎಂದು ಡಾಕ್ಟರು ಹಿಂದಿನ ದಿನವೇ ಹೇಳಿದ್ದರಂತೆ. ಚಿಗವ್ವನ ಜೊತೆ ನಾನು ವರ್ಷಗಟ್ಟಲೆ ಮಾತು ಬಿಟ್ಟೆ.

ನನ್ನ ಮದುವೆಯ ಹಿಂದಿನ ದಿನ ಅವಳೇ ನನ್ನ ತಲೆ ಬಾಚುತ್ತ ಹೇಳಿದಳು: “ನಿನ್ನ ಕಳಸಂದಾಕಿ ನಾ ಅಲ್ಲ ಮಗಳ, ನಿಮ್ಮವ್ವ. ಏನ್ ಸುಳ್ಳ ಹೇಳಬೇಕಂತನೂ ಆಕೀನ ಹೇಳಿಕೊಟ್ಲು.”

ಚಿಗವ್ವನ ಮೇಲಿನ ಸಿಟ್ಟು ಅಂದೇ ಇಳಿಯಿತು. ಅವ್ವನ ಮೇಲಿನದು ಇನ್ನೂ ಇಳಿದಿಲ್ಲ. ಅಂದು ಕಳಿಸದೇ ಇದ್ದಿದ್ದರೆ ನಾನು ಅಳದೆ ಅವಳ ಪಕ್ಕದಲ್ಲಿ ಕೂತಿರುತ್ತಿದ್ದೆ.