ಇಲ್ಲದ ಕ್ಲಚ್ಚು

ನಮ್ಮ ಮನೆಯವರು ಗಣೇಶಗುಡಿಯಲ್ಲಿ ಪ್ರವಾಸಿಗರ ಜೀಪು ಓಡಿಸುತ್ತಾರೆ. ಮನಾಲಿಗೆ ಹೋದಾಗ ಬಾಡಿಗೆಗೆ ಸಿಕ್ಕಿದ್ದು ಆಟೋಮ್ಯಾಟಿಕ್ ಕಾರು. ಎಡಗಾಲನ್ನು ಮಡಚಿಟ್ಟುಕೊಳ್ಳಿ, ಹಿಮದ ಮೇಲೆ ಬ್ರೇಕನ್ನು ಜೋರಾಗಿ ಒತ್ತಬೇಡಿ ಎಂದಿದ್ದ ಕಾರಿನವನು. ನಾನು ಅದನ್ನೇ ನೆನಪಿಸಿದರೆ ಇವರು ಸಿಡುಕಿದರು: "ಮಳಿಗಾಲದಾಗ ಘಾಟ್ ಇಳಸಾಂವ ನಾ. ನನಗ ಗಾಡಿ ಹೊಡ್ಯೂದು ಕಲಸ್ತಿ ಏನ?"

ಮೊದಲ ಇಳಿಜಾರಿನಲ್ಲೇ, ಗೇರ್ ಇಳಿಸುವ ರೂಢಿಯಿಂದ, ಇವರ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕನ್ನು ತುಳಿಯಿತು. ಕಾರು ಗಿರ್ರನೆ ತಿರುಗಿ ಹಿಮದ ಗುಡ್ಡೆಗೆ ಬಡಿಯಿತು. ನಾನು ಚೀರಿದ್ದು ಆಮೇಲೆ.

ಮನೆಗೆ ಬಂದವರಿಗೆಲ್ಲ ಇವರು ಹೇಳುವುದೇ ಬೇರೆ: "ಇಕಿ ಬಾಜೂಕ ಕುಂತು ಚೀರಿದ್ಲು ನೋಡ್ರಿ, ಅದಕ್ಕ ಗಾಡಿ ಜಾರ್ತು."

ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ. ಅವರಿಗೆ ಚಹಾ ಮಾಡಿಕೊಡುವವಳೂ ನಾನೇ.